ಸಾಲು ಬೆಳೆದರೆ ಗಲ್ಲಾ ತುಂಬುವುದೆ?

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಸುರೇಬಾನವೆಂಬ ಊರಿದೆ. ಅದರ ಸಮೀಪದ ಶಬರಿಕೊಳ್ಳವು ರಾಮಾಯಣದ ಶಬರಿ ಶ್ರೀರಾಮನ ದಾರಿ ಕಾದು ಕುಳಿತಿದ್ದ ಸ್ಥಳವೆಂದು ಆ ಸೀಮೆಯ ಜನರ ನಂಬಿಕೆ. ಕಾಯುವಿಕೆಗೆ ಕನ್ನಡಿಗರು ಇಂದಿಗೂ ಕೊಡುವ ಉಪಮೆ ಶಬರಿಯದೇ. ಆದರೆ ಶಬರಿಯ ತಾಳ್ಮೆ ಭಕ್ತಿಯಿಂದ ಹುಟ್ಟಿದುದು. ಒಂದು ಲೋಟ ಚಹಕ್ಕಾಗಿ ಕ್ರೀಡಾಂಗಣದ ಮಳಿಗೆಯ ಮುಂದೆ ನಿಂತ ಪ್ರೇಕ್ಷಕನಿಂದ ಅಂಥ ತಾಳ್ಮೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಅವನು ಬಂದಿರುವುದು ಆಟ ನೋಡಲು. ಚಹವಿಲ್ಲದೆಯೂ ಆಟ ರುಚಿಸೀತು. ಆಟ ತಪ್ಪಿದ ಮೇಲೆ ಚಹ ರುಚಿಸಲಾರದು.

ಈ ಸರಳ ಸತ್ಯವನ್ನು ಮರೆಯುವವರಲ್ಲಿ ಮಳಿಗೆಯ ಯಜಮಾನನೇ ಮೊದಲಿಗನು. ತನ್ನ ಅಂಗಡಿಯ ಮುಂದೆ ಉದ್ದನೆಯ ಸಾಲು ನಿಂತಿತೆಂದರೆ ಅವನಿಗೆ ಎಲ್ಲಿಲ್ಲದ ಹಿಗ್ಗು. ‘ಇಂದು ಪುರಸೊತ್ತಿಲ್ಲದ ವ್ಯಾಪಾರ’ ಎಂದು ನೆರೆಯ ಅಂಗಡಿಯವನ ಕಡೆಗೆ ಹುಬ್ಬು ಹಾರಿಸುತ್ತಾನೆ. ಸಂಜೆ ಗಲ್ಲಾ ತೆರೆದು ಎಣಿಸುವಾಗ ಮಾತ್ರ, ಅಷ್ಟು ಜನ ನಿಂತಿದ್ದರೂ ಹಣ ಇಷ್ಟೇ ಏಕೆಂದು ಅವನಿಗೆ ತಿಳಿಯುವುದಿಲ್ಲ. ಸಾಲು ವ್ಯಾಪಾರವಲ್ಲ, ಇನ್ನೂ ಆಗದೆ ಉಳಿದಿರುವ ವ್ಯಾಪಾರ. ಅದರಲ್ಲಿ ಎಷ್ಟು ಪಾಲು ಗಲ್ಲಾವನ್ನು ಮುಟ್ಟುತ್ತದೆ, ಎಷ್ಟು ಪಾಲು ಗಾಳಿಗೆ ಹಾರುತ್ತದೆ ಎಂಬುದೇ ಇಲ್ಲಿ ಯೋಚಿಸಬೇಕಾದ ಸಂಗತಿ.

ಕಣ್ಣಿಗೆ ಕಾಣದ ಗಿರಾಕಿ

ಸಾಲಿನಿಂದ ಆಗುವ ನಷ್ಟ ಹಲವು ಬಗೆಯದು. ದೂರದಿಂದಲೇ ಸಾಲನ್ನು ಕಂಡು ‘ಬೇಡಪ್ಪಾ’ ಎಂದು ಹಿಂದಿರುಗುವವನು ಒಬ್ಬ. ಅರ್ಧ ದಾರಿಯವರೆಗೆ ತಾಳಿಕೊಂಡು, ಒಳಗಿನಿಂದ ಜನರ ಕೂಗು ಕೇಳಿದೊಡನೆ ಸಾಲು ಬಿಟ್ಟು ಓಡುವವನು ಮತ್ತೊಬ್ಬ. ಮೂರನೆಯವನು ಹೇಗೋ ಕೊನೆ ಮುಟ್ಟಿ ಕೊಳ್ಳುತ್ತಾನೆ; ಆದರೆ ಎರಡನೆಯ ಬಾರಿ ಆ ಕಡೆಗೆ ತಲೆ ಹಾಕುವುದಿಲ್ಲ. ಅವನ ಮಗ ಇನ್ನೊಂದು ಐಸ್‌ಕ್ರೀಮು ಕೇಳಿದರೆ ‘ಮನೆಗೆ ಹೋಗುವಾಗ ನೋಡೋಣ’ ಎನ್ನುತ್ತಾನೆ.

ಈ ಮೂವರಲ್ಲಿ ಮಳಿಗೆಯವನ ಕಣ್ಣಿಗೆ ಬೀಳುವವನು ಮೂರನೆಯವನೊಬ್ಬನೇ. ಹಿಂದಿರುಗಿ ಹೋದವನ ಲೆಕ್ಕ ಯಾವ ಖಾತೆಯಲ್ಲಿಯೂ ಬರುವುದಿಲ್ಲ. ಮಾರಿದ ಸರಕಿಗೆ ರಸೀದಿಯುಂಟು; ಮಾರದೆ ಹೋದುದಕ್ಕೆ ರಸೀದಿ ಎಲ್ಲಿಯದು? ಆದಕಾರಣ ನಷ್ಟವು ವರ್ಷಗಟ್ಟಲೆ ನಡೆದರೂ ನಷ್ಟವೆಂಬ ಹೆಸರನ್ನು ಪಡೆಯದೆ ಉಳಿಯುತ್ತದೆ.

ಸಾಲಿಗೂ ಒಂದು ಗುಣವುಂಟೆಂದು ವಾದಿಸುವವರಿದ್ದಾರೆ. ಜನ ನಿಂತಿರುವ ಅಂಗಡಿಯಲ್ಲಿ ಪದಾರ್ಥ ಚೆನ್ನಾಗಿರಬೇಕೆಂದು ಹೊಸಬನು ಊಹಿಸುತ್ತಾನೆ. ಅಷ್ಟು ಹೊತ್ತು ನಿಂತವನು ‘ಹೇಗೂ ನಿಂತೆ’ ಎಂದು ಒಂದರ ಬದಲು ನಾಲ್ಕು ಕೊಳ್ಳುವುದೂ ಉಂಟು. ಊರಿನ ಪೇಟೆಯ ಬೀದಿಯಲ್ಲಿ ಈ ವಾದ ಸಲ್ಲುತ್ತದೆ. ಅಲ್ಲಿ ಗಿರಾಕಿಗೆ ಸಂಜೆಯೆಲ್ಲ ಬಿಡುವು. ಆಟದ ಮೈದಾನದಲ್ಲಿ ಗಡಿಯಾರವೇ ದೊರೆ. ಕಾಲ್ಚೆಂಡಾಟದ ನಡುವಿನ ವಿರಾಮ 15 ನಿಮಿಷ. ಟೆಸ್ಟ್ ಕ್ರಿಕೆಟ್ಟಿನಲ್ಲಿ ಊಟಕ್ಕೆ 40 ನಿಮಿಷ, ಚಹಕ್ಕೆ 20. ಕಬಡ್ಡಿಯಲ್ಲಂತೂ 20 ನಿಮಿಷಗಳ ಎರಡು ಅವಧಿಗಳ ನಡುವೆ ದೊರೆಯುವುದು ಬರಿಯ 5 ನಿಮಿಷ. ಅಷ್ಟರಲ್ಲಿಯೇ ಸಾವಿರಾರು ಜನ ಏಕಕಾಲಕ್ಕೆ ಏಳುತ್ತಾರೆ, ಏಕಕಾಲಕ್ಕೆ ಹಸಿಯುತ್ತಾರೆ.

ಒಂದು ಚಹದ ಲೆಕ್ಕ

ಒಂದು ಚಹದ ಮಳಿಗೆಯನ್ನು ಕಲ್ಪಿಸಿಕೊಳ್ಳಬಹುದು. ಲೋಟಕ್ಕೆ 20 ರೂಪಾಯಿ, ವಿರಾಮ 20 ನಿಮಿಷ. ಗಿರಾಕಿ ಕೇಳುವುದು, ಮಾರುವವನು ಬಗ್ಗಿಸಿ ಕೊಡುವುದು, ಹಣ ತೆಗೆದುಕೊಂಡು ಚಿಲ್ಲರೆ ಹುಡುಕುವುದು ಎಲ್ಲ ಸೇರಿ ಒಬ್ಬೊಬ್ಬರಿಗೆ 40 ಸೆಕೆಂಡು ಹಿಡಿಯಿತೆನ್ನೋಣ. ವಿರಾಮ ಮುಗಿಯುವುದರೊಳಗೆ 30 ಜನರಿಗೆ ಚಹ ದೊರೆಯಿತು. 600 ರೂಪಾಯಿ ಬಂದಿತು. ಅದೇ ಕೆಲಸ 20 ಸೆಕೆಂಡಿನಲ್ಲಿ ಮುಗಿಯುವಂತಾದರೆ 60 ಜನ, 1200 ರೂಪಾಯಿ. ಚಹದ ಪುಡಿ ಬದಲಾಗಲಿಲ್ಲ, ಬೆಲೆ ಏರಲಿಲ್ಲ, ಜಾಹೀರಾತು ಹಾಕಲಿಲ್ಲ. ಉಳಿಸಿದ 20 ಸೆಕೆಂಡೇ ವ್ಯಾಪಾರವನ್ನು ಇಮ್ಮಡಿ ಮಾಡಿತು.

ಆ 20 ಸೆಕೆಂಡು ಎಲ್ಲಿ ಅಡಗಿದೆ? ಬಹುಮಟ್ಟಿಗೆ ಚಿಲ್ಲರೆಯಲ್ಲಿ. ಲೋಟಕ್ಕೆ 20ರ ಬದಲು 18 ರೂಪಾಯಿ ಇಟ್ಟವನು ಗಿರಾಕಿಗೆ ಉಪಕಾರ ಮಾಡಿದೆನೆಂದು ಭಾವಿಸಿದರೂ, ಪ್ರತಿಯೊಬ್ಬನಿಗೂ 2 ರೂಪಾಯಿ ಹುಡುಕುವುದರಲ್ಲಿ ಹಿಂದಿನವರನ್ನೆಲ್ಲ ಬಿಸಿಲಿನಲ್ಲಿ ನಿಲ್ಲಿಸಿದಂತಾಯಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬರುವ ಮುನ್ನ, ರೂಪಾಯಿಗೆ ಹದಿನಾರು ಆಣೆಗಳಿದ್ದ ಕಾಲದಲ್ಲಿ, ಒಂದಾಣೆಯ ತಿಂಡಿಗೆ ಒಂದಾಣೆಯ ಒಂದೇ ನಾಣ್ಯ ಸಾಕಾಗುತ್ತಿತ್ತು. ಕೊಟ್ಟ ಕೈ ಹಿಂದೆಗೆಯುವುದರೊಳಗೆ ವ್ಯವಹಾರ ಮುಗಿಯುತ್ತಿತ್ತು. 2016ರಲ್ಲಿ ಯುಪಿಐ ಪದ್ಧತಿ ಬಂದ ಮೇಲೆ ಮೊಬೈಲಿನಿಂದ ಹಣ ಕೊಡುವ ರೂಢಿ ಹಳ್ಳಿಯ ತಳ್ಳುಗಾಡಿಯವರೆಗೂ ಹಬ್ಬಿ, ಚಿಲ್ಲರೆಯ ಕಾಟ ಎಷ್ಟೋ ತಗ್ಗಿದೆ. ಆದರೆ ಕಿಕ್ಕಿರಿದ ಮೈದಾನದಲ್ಲಿ ಸಾವಿರಾರು ಮೊಬೈಲುಗಳು ಒಮ್ಮೆಲೇ ಎಚ್ಚೆತ್ತಾಗ ಜಾಲವು ಮಂದವಾಗುವುದುಂಟು. ‘ಹೋಯಿತೆ? ಬಂದಿತೆ?’ ಎಂದು ಇಬ್ಬರೂ ಪರದೆಯನ್ನು ದಿಟ್ಟಿಸುತ್ತ ನಿಂತರೆ ಹಳೆಯ ಒಂದಾಣೆಯೇ ಲೇಸೆನಿಸುತ್ತದೆ.

ಕುಸ್ತಿ ಕಣದ ಪಾಠ

ಈ ಸಮಸ್ಯೆಗೆ ಸುರೇಬಾನದ ಸೀಮೆಯಲ್ಲಿ ಹಳೆಯದೊಂದು ಉತ್ತರವಿದೆ. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರುಗಳ ಈ ನೆಲವು ಕುಸ್ತಿಯನ್ನು ಪ್ರೀತಿಸುವ ನೆಲ. ಜಾತ್ರೆ ಬಂದಿತೆಂದರೆ ಕುಸ್ತಿಯೂ ಬರಬೇಕು. ರಾಣಿ ಚೆನ್ನಮ್ಮನ ನೆನಪಿಗಾಗಿ ಸರಕಾರ ನಡೆಸುವ ಕಿತ್ತೂರು ಉತ್ಸವದಲ್ಲಿಯೂ ಕುಸ್ತಿ ಪಂದ್ಯಗಳಿಗೆ ಸ್ಥಾನವಿದೆ. ಕೆಮ್ಮಣ್ಣಿನ ಕಣ, ಸುತ್ತಲೂ ನೆಲದ ಮೇಲೆ ಕುಳಿತ ಜನ, ಹಲಗೆಯ ಬಡಿತ, ಒಂದರ ಹಿಂದೊಂದು ಜೋಡಿ.

ಇಂಥ ಕಣದ ಸುತ್ತ ಸಾಮಾನ್ಯವಾಗಿ ತಿಂಡಿಗಾಗಿ ಸಾಲು ಕಾಣಸಿಗದು. ವ್ಯಾಪಾರವಿಲ್ಲವೆಂದಲ್ಲ; ವ್ಯಾಪಾರಕ್ಕೆ ಕಾಲುಗಳಿವೆ. ಶೇಂಗಾ ಬುಟ್ಟಿ ಹೊತ್ತವನು, ಚುರುಮುರಿಯ ಡಬ್ಬಿ ಹಿಡಿದವನು, ಚಹದ ಕಿಟಲಿಯವನು ಜನರ ನಡುವೆ ದಾರಿ ಮಾಡಿಕೊಂಡು ತಾವೇ ಬರುತ್ತಾರೆ. ಹಣ ಕೈಯಿಂದ ಕೈಗೆ ದಾಟುತ್ತದೆ. ಪೊಟ್ಟಣ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಕೊಂಡವನ ಕಣ್ಣು ಜಟ್ಟಿಯ ಪಟ್ಟಿನಿಂದ ಕದಲುವುದಿಲ್ಲ. ಗಿರಾಕಿ ಅಂಗಡಿಗೆ ಹೋಗಿ ಕಾಯಬೇಕಾದುದು ತಪ್ಪಿ, ಅಂಗಡಿಯೇ ಗಿರಾಕಿಯ ಬಳಿಗೆ ಬಂದು ಕಾಯುತ್ತದೆ.

ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಇಂಥ ಕುಸ್ತಿಯಲ್ಲಿ ಎಲ್ಲರೂ ಒಟ್ಟಿಗೆ ಏಳಬೇಕಾದ ನಿಗದಿಯ ವಿರಾಮವಿಲ್ಲ. ಒಬ್ಬನಿಗೆ ಮೂರನೆಯ ಜೋಡಿಯ ಹೊತ್ತಿಗೆ ಹಸಿವು, ಇನ್ನೊಬ್ಬನಿಗೆ ಹತ್ತನೆಯದರ ಹೊತ್ತಿಗೆ ಬಾಯಾರಿಕೆ. ಬೇಡಿಕೆ ಇಡೀ ಮಧ್ಯಾಹ್ನದ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ನಗರದ ಕ್ರೀಡಾಂಗಣದಲ್ಲಿ ಅದೇ ಬೇಡಿಕೆ 20 ನಿಮಿಷಗಳ ಇಕ್ಕಟ್ಟಿನೊಳಗೆ ನುಗ್ಗಿ ಬರುತ್ತದೆ. ಸುರೇಬಾನದ ಕಡೆಯ ಜನರು ಸರದಿಗೆ ‘ಪಾಳಿ’ ಎನ್ನುತ್ತಾರೆ. ಕುಸ್ತಿ ಕಣದಲ್ಲಿ ಪಾಳಿ ಜಟ್ಟಿಗಳಿಗೆ, ನೋಡುವವರಿಗಲ್ಲ.

ಹಾಗೆಂದು ನಗರವು ಹಳ್ಳಿಯನ್ನು ಯಥಾವತ್ತಾಗಿ ಅನುಕರಿಸುವುದು ಸಾಧ್ಯವಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿದ ಆಸನಗಳ ನಡುವೆ ಕುದಿಯುವ ಚಹ ಹೊತ್ತು ತಿರುಗುವುದು ಅಪಾಯ. ಓವರಿನ ನಡುವೆ ಅಡ್ಡ ಬಂದವನಿಗೆ ಬೈಗುಳ ತಪ್ಪದು. ಆದರೆ ನೀರು, ಶೇಂಗಾ, ಕಟ್ಟಿದ ತಿಂಡಿಯ ಪೊಟ್ಟಣಗಳಿಗೆ ಈ ಅಡ್ಡಿಯಿಲ್ಲ. ಅವು ಕುಳಿತಲ್ಲಿಗೇ ಬಂದರೆ ಮಳಿಗೆಯ ಮುಂದಿನ ಸಾಲು ಅಷ್ಟರಮಟ್ಟಿಗೆ ಕರಗುತ್ತದೆ.

ಗಣಿತಜ್ಞರು ಕಂಡದ್ದು

ಸರದಿಯ ಸಾಲು ವಿದ್ವಾಂಸರ ಅಧ್ಯಯನಕ್ಕೂ ವಸ್ತುವಾಗಿದೆ. ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞನು, ಕರೆಗಳು ಯಾವಾಗ ಬರುವುವೆಂದು ತಿಳಿಯದಿರುವಾಗ ಎಷ್ಟು ತಂತಿಗಳು ಬೇಕೆಂಬ ಪ್ರಶ್ನೆಯಿಂದ ಹೊರಟು, 1909ರಲ್ಲಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದನು. ಅಂದಿನ ಟೆಲಿಫೋನಿನ ಲೆಕ್ಕವೇ ಇಂದಿನ ಚಹದ ಮಳಿಗೆಗೂ ಅನ್ವಯಿಸುತ್ತದೆ.

ಈ ಶಾಸ್ತ್ರದ ಒಂದು ಫಲಿತಾಂಶ ವ್ಯಾಪಾರಿಗಳನ್ನು ಬೆಚ್ಚಿಬೀಳಿಸುವಂತಿದೆ. ಒಬ್ಬನೇ ಮಾರುವ ಅಂಗಡಿಗೆ ಗಿರಾಕಿಗಳು ಗೊತ್ತಾದ ವೇಳೆಯಿಲ್ಲದೆ ಬರುತ್ತಿರುವರೆಂದಿಟ್ಟುಕೊಂಡರೆ, ಮಾರುವವನು ತನ್ನ ಹೊತ್ತಿನ ನೂರರಲ್ಲಿ 80 ಪಾಲು ಕೆಲಸದಲ್ಲಿದ್ದಾಗ ಗಿರಾಕಿ ಕಾಯಬೇಕಾದುದು ಸರಾಸರಿ ನಾಲ್ಕು ಜನರಿಗೆ ಕೊಡುವಷ್ಟು ಹೊತ್ತು. ಅವನು 90 ಪಾಲು ನಿರತನಾದರೆ ಅದು ಒಂಬತ್ತು ಜನರ ಹೊತ್ತಾಗುತ್ತದೆ. 95 ಪಾಲಾದರೆ ಹತ್ತೊಂಬತ್ತು ಜನರದು. ಕೆಲಸದವನು ಕ್ಷಣವೂ ಬಿಡುವಾಗಿರಬಾರದೆಂದು ಹಠ ಹಿಡಿಯುವ ಯಜಮಾನನು ತಾನು ಉಳಿಸಿದ ಒಂದು ಸಂಬಳಕ್ಕಾಗಿ ಗಿರಾಕಿಗಳ ಗಂಟೆಗಳನ್ನು ಸುಟ್ಟಂತಾಯಿತು. ಅಷ್ಟಿಷ್ಟು ಬಿಡುವು ಸೋಮಾರಿತನವಲ್ಲ. ಅದು ಅಂಗಡಿಯ ಉಸಿರು.

1961ರಲ್ಲಿ ಅಮೆರಿಕದ ವಿದ್ವಾಂಸ ಜಾನ್ ಲಿಟಲ್ ಸಾಧಿಸಿ ತೋರಿಸಿದ ಇನ್ನೊಂದು ಸೂತ್ರ ಗೃಹಿಣಿಯರಿಗೂ ಮಕ್ಕಳಿಗೂ ಉಪಯೋಗವಾಗುವಂಥದು. ಸಾಲಿನಲ್ಲಿ ಮುಂದಿರುವವರನ್ನು ಎಣಿಸಬೇಕು. ನಿಮಿಷಕ್ಕೆ ಎಷ್ಟು ಜನ ಕೊಂಡು ಹೊರಡುವರೆಂದು ನೋಡಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಕಾಯಬೇಕಾದ ಹೊತ್ತು ತಿಳಿಯುತ್ತದೆ. ಮುಂದೆ 24 ಜನ, ನಿಮಿಷಕ್ಕೆ 3 ಜನ ಹೊರಟರೆ 8 ನಿಮಿಷ, ಎಂದರೆ ಸುಮಾರು ಎರಡು ಓವರಿನ ಆಟ. ನಿಲ್ಲಬೇಕೆ, ಹಿಂದಿರುಗಬೇಕೆ ಎಂಬುದನ್ನು ಆಗ ಲೆಕ್ಕದಿಂದ ತೀರ್ಮಾನಿಸಬಹುದು.

ಆದರೆ ಮನುಷ್ಯನು ಲೆಕ್ಕದಿಂದ ಮಾತ್ರ ನಡೆಯುವ ಪ್ರಾಣಿಯಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಕಾಲ್ಚೆಂಡಾಟದ ಟಿಕೆಟ್ಟಿಗಾಗಿ ನಿಲ್ಲುತ್ತಿದ್ದ ಸಾಲುಗಳನ್ನು ಲಿಯಾನ್ ಮನ್ ಎಂಬ ಮನಶ್ಶಾಸ್ತ್ರಜ್ಞನು ಅಭ್ಯಾಸ ಮಾಡಿ 1969ರಲ್ಲಿ ಪ್ರಕಟಿಸಿದನು. ಟಿಕೆಟ್ಟು ಸಿಗುವ ಸಂಭವ ಕಡಿಮೆಯಾಗಿದ್ದ ಹಿಂಭಾಗದವರು ತಮ್ಮ ಮುಂದಿರುವವರ ಸಂಖ್ಯೆಯನ್ನು ನಿಜಕ್ಕಿಂತ ಕಡಿಮೆಯೆಂದು ಊಹಿಸುತ್ತಿದ್ದುದು ಕಂಡುಬಂದಿತು. ಆಸೆಯೇ ಅವರ ಎಣಿಕೆಯನ್ನು ತಿದ್ದಿತ್ತು. ಹೀಗೆ ಆಸೆಯಿಂದ ನಿಂತವರ ಮುಖದ ಮೇಲೆಯೇ ಕೊನೆಗೆ ಕಿಟಕಿ ಮುಚ್ಚಿದರೆ ಹುಟ್ಟುವ ಕೋಪ ಸಾಮಾನ್ಯದ್ದಲ್ಲ. ‘ಇಲ್ಲಿಂದ ಹಿಂದಿನವರಿಗೆ ಸಿಗಲಾರದು’ ಎಂದು ಮೊದಲೇ ತಿಳಿಸುವುದು ಕಠಿನವಾಗಿ ಕಂಡರೂ ಅದೇ ನಿಜವಾದ ದಯೆ. ಕಾಯುವಿಕೆಯ ಮನಶ್ಶಾಸ್ತ್ರವನ್ನು ಕುರಿತು 1985ರಲ್ಲಿ ಡೇವಿಡ್ ಮೇಸ್ಟರ್ ಬರೆದುದರ ಸಾರವೂ ಇದಕ್ಕೆ ಹೊಂದುತ್ತದೆ: ಎಷ್ಟು ಹೊತ್ತೆಂದು ತಿಳಿದ ಕಾಯುವಿಕೆ ಹಗುರ, ತಿಳಿಯದುದು ಭಾರ, ಸುಮ್ಮನೆ ನಿಂತ ಹೊತ್ತು ದೀರ್ಘ, ಏನನ್ನಾದರೂ ನೋಡುತ್ತ ನಿಂತ ಹೊತ್ತು ಹ್ರಸ್ವ. ಮಳಿಗೆಯ ಮುಂದೆ ಆಟ ಕಾಣುವಂತೆ ಒಂದು ಪರದೆಯನ್ನು ತೂಗುಹಾಕಿದರೆ ಅರ್ಧ ಬೇಸರ ಇಳಿಯುತ್ತದೆ.

ಬೆಲೆ ಇಳಿಸಿ ಗಳಿಸಿದ ಕಥೆ

ಅಮೆರಿಕದ ಅಟ್ಲಾಂಟಾ ನಗರದಲ್ಲಿ 2017ರಲ್ಲಿ ಮರ್ಸಿಡಿಸ್-ಬೆನ್ಜ್ ಕ್ರೀಡಾಂಗಣ ತೆರೆಯಿತು. ಅದರ ಒಡೆಯರು ತಿಂಡಿ ಪಾನೀಯಗಳ ಬೆಲೆಯನ್ನು ಹಳೆಯ ಕ್ರೀಡಾಂಗಣದಲ್ಲಿದ್ದುದರ ಸರಿಸುಮಾರು ಅರ್ಧಕ್ಕೆ ಇಳಿಸಿದರು. ತೆರಿಗೆಯನ್ನು ಒಳಗೆ ಸೇರಿಸಿ, ಬೆಲೆಗಳನ್ನೆಲ್ಲ ಪೂರ್ಣ ಡಾಲರುಗಳಲ್ಲಿ ಗೊತ್ತುಮಾಡಿದರು. ಚಿಲ್ಲರೆಯ ಗೊಡವೆಯೇ ಉಳಿಯಲಿಲ್ಲ. ಮಾರುವ ಸ್ಥಳಗಳನ್ನು ಹೆಚ್ಚಿಸಿದರು. ಬೆಲೆ ಅರ್ಧವಾದರೆ ಗಳಿಕೆಯೂ ಅರ್ಧವಾಗಬೇಕಲ್ಲವೆ? ಆದರೆ ಪ್ರೇಕ್ಷಕನೊಬ್ಬನು ಸರಾಸರಿ ಮಾಡಿದ ವೆಚ್ಚ ಹಿಂದಿನ ವರ್ಷಕ್ಕಿಂತ ನೂರಕ್ಕೆ 16ರಷ್ಟು ಏರಿತು. ಇದರಲ್ಲಿ ಬೆಲೆಯ ಪಾಲೆಷ್ಟು, ವೇಗದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಆದರೂ ಅಗ್ಗವಾಗಿಯೂ ಬೇಗನೆಯೂ ಸಿಕ್ಕರೆ ಜನ ಮತ್ತೊಮ್ಮೆ ಬರುವರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂಗ್ಲೆಂಡಿನ ವಿಂಬಲ್ಡನ್ ಟೆನಿಸ್ ಪಂದ್ಯದ ಪದ್ಧತಿಯೂ ಗಮನಿಸತಕ್ಕುದು. ಅಂದಿನ ಟಿಕೆಟ್ಟಿಗಾಗಿ ಹಿಂದಿನ ರಾತ್ರಿಯೇ ಡೇರೆ ಹಾಕಿ ಮಲಗುವವರಿಗೆ ಸಂಖ್ಯೆ ಬರೆದ ಚೀಟಿ ಕೊಡುತ್ತಾರೆ. ಯಾರ ಸ್ಥಾನ ಎಲ್ಲಿ ಎಂಬುದನ್ನು ಚೀಟಿಯೇ ಹೇಳುತ್ತದೆ. ಬ್ಯಾಂಕಿನಲ್ಲಿ, ವೈದ್ಯರ ಮನೆಯಲ್ಲಿ ಟೋಕನ್ ಹಿಡಿದು ನೆಮ್ಮದಿಯಾಗಿ ಕುಳಿತವರಿಗೆ ಇದರ ಸುಖ ತಿಳಿದೇ ಇದೆ.

ಸಂಸಾರವಂದಿಗರ ಕಷ್ಟ

ಗಲ್ಲಾದ ಮಾತು ಇಲ್ಲಿಗೆ ಸಾಕು. ಗಂಡ ಹೆಂಡಿರೂ ಇಬ್ಬರು ಮಕ್ಕಳೂ ಆಟ ನೋಡಲು ಹೊರಟರೆ ಅವರ ವಿರಾಮ ಹೇಗೆ ಕಳೆಯುತ್ತದೆ? ತಾಯಿ ಮಗಳನ್ನು ಕರೆದುಕೊಂಡು ಶೌಚಾಲಯದ ಕಡೆಗೆ ನಡೆಯುತ್ತಾಳೆ; ಅಲ್ಲಿ ಹೆಂಗಸರ ಸಾಲು ಗಂಡಸರ ಸಾಲಿಗಿಂತ ಉದ್ದ. ತಂದೆ ತಿಂಡಿಯ ಸಾಲಿನಲ್ಲಿ. ಮಗ ನೀರಿನ ಸಾಲಿನಲ್ಲಿ. ನಾಲ್ವರೂ ಮರಳಿ ಸೇರುವ ಹೊತ್ತಿಗೆ ಆಟ ಮೊದಲಾಗಿರುತ್ತದೆ. 1974ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ನಡೆದ ಕಾಲಕ್ಕೆ, ಮನೆಯಿಂದ ಚಿತ್ರಾನ್ನ, ಮೊಸರನ್ನ ಕಟ್ಟಿ ತರುವುದು ಸಂಸಾರಸ್ಥರ ರೂಢಿ. ಇಂದು ದೊಡ್ಡ ಪಂದ್ಯಗಳಿಗೆ ಭದ್ರತೆಯ ಕಾರಣದಿಂದ ಹೊರಗಿನ ತಿಂಡಿ, ನೀರಿನ ಸೀಸೆಗಳನ್ನು ಒಳಗೆ ಬಿಡುವುದಿಲ್ಲ. ಬುತ್ತಿಯನ್ನು ಬಾಗಿಲಲ್ಲಿಯೇ ತಡೆದವರ ಮೇಲೆ ಒಳಗೆ ಬೇಗನೆ ಉಣಿಸುವ ಹೊಣೆ ಬೀಳುತ್ತದೆ. ನೀರಿಗಾಗಿ ಮಗುವನ್ನು ಅರ್ಧ ಗಂಟೆ ನಿಲ್ಲಿಸುವುದು ವ್ಯಾಪಾರದ ಲೋಪ ಮಾತ್ರವಲ್ಲ, ಮರ್ಯಾದೆಯ ಲೋಪ.

ಬಾಗಿಲಿನ ಸಾಲಿಗೂ ಮಳಿಗೆಯ ಗಲ್ಲಾಕ್ಕೂ ಸಂಬಂಧವಿದೆ. ಆಟಕ್ಕೆ ಒಂದು ಗಂಟೆ ಮುಂಚೆ ಒಳಗೆ ಸೇರಿದವನು ಸುತ್ತಾಡುತ್ತಾನೆ, ಕೊಳ್ಳುತ್ತಾನೆ, ಮಗುವಿಗೆ ಬಾವುಟ ಕೊಡಿಸುತ್ತಾನೆ. ಅದೇ ಒಂದು ಗಂಟೆಯನ್ನು ಬಾಗಿಲ ಹೊರಗೆ ತಳ್ಳಾಟದಲ್ಲಿ ಕಳೆದವನು ಒಳಗೆ ಬಂದೊಡನೆ ಓಡುವುದು ತನ್ನ ಆಸನಕ್ಕೆ. ಹೊರಗಿನ ಸಾಲು ಉದ್ದವಾದಷ್ಟೂ ಒಳಗಿನ ಮಳಿಗೆ ಖಾಲಿ.

ಬಾಗಿಲಲ್ಲಿ ಕಳೆದುಹೋಗುವುದು ಹಣವೊಂದೇ ಅಲ್ಲವೆಂಬುದನ್ನು ಕರ್ನಾಟಕವು ಮರೆಯಲಾರದ ರೀತಿಯಲ್ಲಿ ಕಂಡಿತು. 2025ರ ಜೂನ್ 3ರಂದು ಬೆಂಗಳೂರಿನ ತಂಡವು ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ, ಜೂನ್ 4ರಂದು, ವಿಜಯೋತ್ಸವಕ್ಕಾಗಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೆರೆದ ಜನಸಾಗರದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತವನ್ನು ವಿಚಾರಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಅವರ ಆಯೋಗವು, ದೊಡ್ಡ ಜನಸಂದಣಿ ಸೇರುವ ಸ್ಥಳದಲ್ಲಿ ಏನೇನಿರಬೇಕೆಂದು ಹೇಳುವಾಗ, ಸಾರ್ವಜನಿಕ ರಸ್ತೆಯಿಂದ ಬೇರೆಯಾಗಿ ಸರದಿಗೆಂದೇ ನಿರ್ಮಿಸಿದ ಜಾಗವನ್ನೂ, ಜನರು ಒಳಹೊರಗೆ ಹೋಗಲು ಸಾಕಷ್ಟು ಬಾಗಿಲುಗಳನ್ನೂ ಎಣಿಸಿತು. ಸಾಲಿಗೆ ಸ್ಥಳವಿಲ್ಲದ ಕಡೆ ಸಾಲು ನಿಲ್ಲುವುದಿಲ್ಲ, ಅದು ಗುಂಪಾಗುತ್ತದೆ. ಸಾಲಿನಲ್ಲಿ ಮುಂದೆ ಹಿಂದೆ ಎಂಬ ಅಚ್ಚುಕಟ್ಟಿದೆ. ಗುಂಪಿಗೆ ಅದಿಲ್ಲ, ಮೇಲೆ ಬಿದ್ದುದನ್ನು ತಡೆಯುವ ಶಕ್ತಿಯೂ ಇಲ್ಲ.

ಮಾಡಬೇಕಾದುದು

ಪರಿಹಾರಗಳು ಗಹನವಾದುವಲ್ಲ. ಬೆಲೆಗಳು ಚಿಲ್ಲರೆಯಿಲ್ಲದ ಮೊತ್ತದಲ್ಲಿರಲಿ. ಪಟ್ಟಿಯು ದೂರದಿಂದಲೇ ಓದುವಷ್ಟು ದಪ್ಪಕ್ಷರದಲ್ಲಿರಲಿ. ಹಣ ತೆಗೆದುಕೊಳ್ಳುವವನೊಬ್ಬ, ಪದಾರ್ಥ ಕೊಡುವವನೊಬ್ಬ ಆಗಲಿ. ನಾಲ್ಕು ಕಿಟಕಿಗಳಿಗೆ ನಾಲ್ಕು ಸಾಲುಗಳ ಬದಲು ಒಂದೇ ಸಾಲು ಮಾಡಿ, ಮುಂದಿನವನು ತೆರವಾದ ಕಿಟಕಿಗೆ ಹೋಗುವಂತಾಗಲಿ. ಆಗ ‘ಪಕ್ಕದ ಸಾಲು ಮುಂದೆ ಹೋಯಿತು’ ಎಂಬ ಹೊಟ್ಟೆಯುರಿ ಇರುವುದಿಲ್ಲ, ಹಿಂದೆ ಬಂದವನು ಮುಂದೆ ಪಡೆಯುವ ಅನ್ಯಾಯವೂ ಇರುವುದಿಲ್ಲ. ಕುಡಿಯುವ ನೀರಿಗೆ ಬೇರೆಯೇ ಏರ್ಪಾಡಿರಲಿ. ಹೆಂಗಸರ ಶೌಚಾಲಯಗಳು ಗಂಡಸರವಕ್ಕಿಂತ ಹೆಚ್ಚಿರಲಿ. ಬುಟ್ಟಿ ಹೊತ್ತ ಚುರುಮುರಿಯವನಿಗೂ ಒಂದು ಅಂಗಿ, ಒಂದು ಬಿಲ್ಲೆ ಕೊಟ್ಟು ಒಳಗೆ ಬಿಟ್ಟರೆ ಬಡವನೊಬ್ಬನ ದಿನದ ಗಳಿಕೆಯೂ ಆಯಿತು, ಸಾಲೂ ಕುಗ್ಗಿತು.

ಆಟ ನೋಡಲು ಬಂದವನು ಟಿಕೆಟ್ಟಿನ ಹಣವನ್ನು ಮಾತ್ರ ಕೊಟ್ಟು ಬರುವುದಿಲ್ಲ. ತನ್ನ ಬಾಳಿನ ಮೂರು ನಾಲ್ಕು ಗಂಟೆಗಳನ್ನೂ ಕೊಟ್ಟು ಬರುತ್ತಾನೆ. ಹಣವನ್ನು ಇನ್ನೊಂದು ದಿನ ಗಳಿಸಬಹುದು. ಬೇಲಿಯ ಬದಿಯಲ್ಲಿ ನಿಂತು ಕಳೆದ ಹೊತ್ತನ್ನು ಯಾರೂ ಹಿಂದಿರುಗಿಸಲಾರರು. ಗಿರಾಕಿಯ ಹೊತ್ತಿಗೆ ಬೆಲೆ ಕೊಡುವ ವ್ಯಾಪಾರಿಗೆ ಗಿರಾಕಿಯೂ ಬೆಲೆ ಕೊಟ್ಟೇ ಕೊಡುತ್ತಾನೆ.